ನುಣ್ಣಗಿನ ರಾಪ್ ಮತ್ತು ಅವನ ನಾಲ್ಕು ಗಾಲಿ

ಜರ್ಮನಿಯ ವೆಟ್ಟಿಂಗನ್ ಊರಿನಲ್ಲಿ ಎಗೋನ್ ರಾಪ್ ಎಂದರೆ ಯಾರಿಗೂ ತಟ್ಟನೆ ಗುರುತು ಹತ್ತುವುದಿಲ್ಲ. ನುಣ್ಣಗಿನ ರಾಪ್ ಎಂದರೆ ಸಾಕು, ಹೊಸದಾಗಿ ಬಂದ ಅಂಚೆಯವನೂ ಮನೆ ತೋರಿಸುತ್ತಾನೆ. ಈ ಹೆಸರು ಮುಖ ನೋಡಿ ಬಂದದ್ದಲ್ಲ. ಎಪ್ಪತ್ತೇಳು ವರ್ಷದ ಆ ಮುಖ ಉತ್ತು ಬಿಟ್ಟ ಹೊಲದ ಹಾಗಿದೆ. ಹೆಸರು ಬಂದದ್ದು ಕೆಲಸದಿಂದ.

ನದಿ ದಂಡೆಯಲ್ಲಿ ಈಗ ಹಂಚು, ಹೂಕುಂಡ, ತೋಟದ ಕುರ್ಚಿ ಮಾರುವ ದೊಡ್ಡ ಅಂಗಡಿಯಿದೆಯಲ್ಲ, ಅಲ್ಲಿ ಮೊದಲು ಹಾಫ್ನರ್ ಎರಕದ ಕಾರ್ಖಾನೆ ಇತ್ತು. ಅಲ್ಯುಮಿನಿಯಂ ಕರಗಿಸಿ ಅಚ್ಚಿಗೆ ಹೊಯ್ದು ಕಾರಿನ ಗಾಲಿ ಮಾಡುತ್ತಿದ್ದರು. ಹೊಯ್ಯುವವರಲ್ಲಿ ಮೇಲುಗೈ ನೆವ್‌ಜಾತ್ ಚಾಕಿರ್‌ನದು. ಒಂದೇ ವರ್ಷದ ಕರಾರಿನ ಮೇಲೆ ಅನತೋಲಿಯಾದಿಂದ ಬಂದವನು, ಆ ಒಂದು ವರ್ಷ ಇನ್ನೂ ಮುಗಿದಿಲ್ಲ. ಅಚ್ಚಿನಿಂದ ಬಿಡಿಸಿದ ಗಾಲಿಗೆ ಅಂಚಿನಲ್ಲಿ ಮುಳ್ಳು, ಮೈಯಲ್ಲಿ ಉಬ್ಬು. ಅದನ್ನೆಲ್ಲ ಉಜ್ಜಿ ತೆಗೆಯುವುದು ಎಗೋನ್‌ನ ಕೆಲಸ. ಮೂವತ್ತೊಂದು ವರ್ಷ ಅವನು ಬೇರೇನನ್ನೂ ಮಾಡಲಿಲ್ಲ. ಬೇರೇನಾದರೂ ಮಾಡಬೇಕು ಅಂತ ಅವನಿಗೆ ಅನ್ನಿಸಲೂ ಇಲ್ಲ.

ಆ ಮೂವತ್ತೊಂದು ವರ್ಷವೂ ಇಬ್ಬರದು ಒಂದೇ ಜಗಳ.

"ಗಾಲಿ ಅಂದ್ರೆ ನಾನು ಹೆತ್ತ ಕೂಸು ಕಣೋ," ಎನ್ನುತ್ತಿದ್ದ ನೆವ್‌ಜಾತ್. "ನೀನು ಬರೀ ಕ್ಷೌರ ಮಾಡಿದೋನು."

"ನಾನು ಕ್ಷೌರ ಮಾಡದಿದ್ರೆ ನಿನ್ನ ಕೂಸನ್ನ ಕರಡಿಮರಿ ಅಂದ್ಕೊಂಡು ಜನ ಓಡ್ತಿದ್ರು," ಎನ್ನುತ್ತಿದ್ದ ಎಗೋನ್.

ತೊಂಬತ್ತಮೂರರಲ್ಲಿ ಕಾರ್ಖಾನೆ ಬಾಗಿಲು ಹಾಕಿತು. ಕೊನೆಯ ಎರಕದಿಂದ ಪ್ರತಿಯೊಬ್ಬ ಕೆಲಸಗಾರನಿಗೂ ನಾಲ್ಕು ನಾಲ್ಕು ಗಾಲಿ ಬೀಳ್ಕೊಡುಗೆಯಾಗಿ ಕೊಟ್ಟರು. ಎಗೋನ್ ತನ್ನವನ್ನು ಉಜ್ಜದೆ, ಅಚ್ಚಿನಿಂದ ಬಂದ ಹಾಗೇ ಕೇಳಿ ಪಡೆದ. ಕಾರ್ಖಾನೆಯ ಉಜ್ಜುವ ಯಂತ್ರವನ್ನು ಒಂದು ಶನಿವಾರದ ಮಟ್ಟಿಗೆ ಮನೆಗೆ ತಂದು ತಾನೇ ಉಜ್ಜಿದ. ಆ ಗಾಲಿಗಳನ್ನು ನೋಡಿದವರು ಬೆಳ್ಳಿ ಪಾತ್ರೆ ಅಂದರು. ಅವತ್ತಿನಿಂದ ಊರ ನಡುವಿನ 'ಕುರಿಮರಿ' ಹೋಟೆಲಿನಲ್ಲಿ ಹಳೆಯ ಗೆಳೆಯರು ಸೇರುವ ಗುರುವಾರದ ಮೇಜಿನಲ್ಲಿ ಅವನದೊಂದು ಸವಾಲು ಶುರುವಾಯಿತು: ಈ ನಾಲ್ಕು ಗಾಲಿಯ ಮೇಲೆ ಉಗುರಿಗೆ ತಡೆಯುವ ಒಂದೇ ಒಂದು ಉಬ್ಬು ತೋರಿಸಿದವರಿಗೆ ಒಂದು ಪೆಟ್ಟಿಗೆ ಸೇಬಿನ ರಸ. ಬಿಯರ್ ಬಿಟ್ಟು ಸೇಬಿನ ರಸ ಯಾಕೆಂದರೆ, ಸವಾಲು ಯಾರಿಗೆಂದು ಎಲ್ಲರಿಗೂ ಗೊತ್ತು, ನೆವ್‌ಜಾತ್ ಬಿಯರ್ ಕುಡಿಯುವವನಲ್ಲ. ಮೂವತ್ತು ವರ್ಷ ನೆವ್‌ಜಾತ್ ಆ ಕಾರಿನ ಪಕ್ಕ ಕುಕ್ಕರುಗಾಲಿನಲ್ಲಿ ಕೂತು ಬೆರಳಾಡಿಸಿದ್ದಾನೆ. ಮಂಡಿ ಸವೆದು ಆಪರೇಶನ್ ಆಯಿತೇ ಹೊರತು ಉಬ್ಬು ಸಿಗಲಿಲ್ಲ.

ಗಾಲಿ ಕೂತಿದ್ದ ಬೂದುಬಣ್ಣದ ಓಪೆಲ್ ಕಾರಿನ ಬಗ್ಗೆ ಹೇಳುವಂಥದ್ದೇನಿಲ್ಲ. ಮೂಗಿಗಿಂತ ಮೂಗುತಿ ಭಾರ ಎನ್ನುವುದು ಅದನ್ನು ನೋಡಿಯೇ ಹುಟ್ಟಿದ ಮಾತಿರಬೇಕು.

ಎರಡು ವರ್ಷಕ್ಕೊಮ್ಮೆ ಕಾರು ತಪಾಸಣೆಯಲ್ಲಿ ಪಾಸಾಗಬೇಕು, ಇಲ್ಲವಾದರೆ ರಸ್ತೆಗಿಳಿಯುವಂತಿಲ್ಲ. ಇಷ್ಟು ವರ್ಷ ತಪಾಸಣೆ ಮಾಡಿದವನು ಕ್ಯೂಬ್ಲರ್. ಅವನಪ್ಪನೂ ಹಾಫ್ನರ್‌ನಲ್ಲಿ ಕುಲುಮೆ ಕಾದವನೇ. ಬೂಟಿನ ತುದಿಯಿಂದ ಗಾಲಿಗೆ ಒಂದು ತಟ್ಟಿ, "ನಮ್ಮೂರಿಂದು," ಎಂದು ಮುದ್ರೆ ಅಂಟಿಸಿ ಕಳಿಸುತ್ತಿದ್ದ. ಹೋದ ವರ್ಷ ಅವನು ನಿವೃತ್ತನಾಗಿ, ಉತ್ತರದ ಕಡಲ ಕಡೆಯಿಂದ ಫ್ರೌ ಹಾರ್ಮ್ಸ್, ಅಂದರೆ ಶ್ರೀಮತಿ ಹಾರ್ಮ್ಸ್, ಬಂದಳು. ಮೂವತ್ತೈದರ ಹೆಣ್ಣು, ಕತ್ತರಿಸಿದ ಕೂದಲು, ಜೇಬಲ್ಲಿ ಸಣ್ಣ ಟಾರ್ಚು. ಅವಳು ಗಾಲಿಗೆ ತಟ್ಟಲಿಲ್ಲ. ಬಗ್ಗಿ ನೋಡಿದಳು, ಟಾರ್ಚು ಹಾಕಿ ನೋಡಿದಳು, ಎದ್ದು ನಿಂತಳು.

"ಹೆರ್ ರಾಪ್, ಈ ಗಾಲಿ ಯಾವ್ದು?"

"ಹಾಫ್ನರ್."

"ಕಾಗದ?"

ಎಗೋನ್ ಕಾಗದವಿಲ್ಲದೆ ಮನೆಯಿಂದ ಹೊರಡುವವನಲ್ಲ. 'ಗಾಲಿ' ಎಂದು ಬೆನ್ನಿನ ಮೇಲೆ ಬರೆದ ದಪ್ಪ ಫೈಲು ತೆಗೆದ. ಪ್ಲಾಸ್ಟಿಕ್ ಹಾಳೆಯೊಳಗೆ, ಕೊಟ್ಟ ದಿನ ಹೇಗಿತ್ತೋ ಹಾಗೇ ಇತ್ತು ಪ್ರಮಾಣಪತ್ರ. ಅವಳು ಕೊನೆಯ ಸಾಲಿನವರೆಗೆ ಓದಿದಳು. ಯಾರಾದರೂ ಅದನ್ನು ಪೂರ್ತಿ ಓದಿದ್ದು ಎಗೋನ್ ಕಂಡದ್ದು ಅದೇ ಮೊದಲು, ಒಳಗೊಳಗೇ ಖುಷಿಯೂ ಆಯಿತು.

"ಕಾಗದ ಚೆನ್ನಾಗಿದೆ," ಎಂದಳು. "ಸರ್ಕಾರದ ಒಪ್ಪಿಗೆ ಅಂಕಿ ಗಾಲಿ ಮೇಲೆ ಎರಕದಲ್ಲೇ ಮೂಡಿರ್ಬೇಕು ಅಂತ ಬರ್ದಿದೆ. ಅಂಕಿ ಎಲ್ಲಿ?"

"ಕಡ್ಡಿಗಳ ಮಧ್ಯ ಇತ್ತು."

"ಇತ್ತು?"

"ಉಜ್ಜಿದೆ."

"ಯಾಕೆ?"

"ಉಬ್ಬಿತ್ತು."

ಫ್ರೌ ಹಾರ್ಮ್ಸ್ ಟಾರ್ಚು ಆರಿಸಿದಳು. ಕಡಲ ಕಡೆಯವರು ಮಾತಿನಲ್ಲಿ ಜಿಪುಣರು, ನಮ್ಮ ಕಡೆಯವರು ಉಳಿದದ್ದರಲ್ಲಿ.

"ನೋಡಿ, ಕಾಗದ ಅಂಕಿ ಇರೋ ಗಾಲೀದು. ಕಾರಲ್ಲಿರೋದು ಅಂಕಿ ಇಲ್ಲದ ಗಾಲಿ. ಅಂದ್ಮೇಲೆ ಇವು ಆ ಗಾಲಿ ಅಲ್ಲ."

"ಅಮ್ಮಾ, ನಾನೇ ಉಜ್ಜಿದ ಗಾಲಿ. ಈ ಕೈಯಲ್ಲಿ. ಅಸಲಿ ಹೌದೋ ಅಲ್ವೋ ಅಂತ ನನ್ನನ್ನೇ ಕೇಳ್ತೀರಾ?"

"ನಿಮ್ಮನ್ನ ಕೇಳ್ತಿಲ್ಲ. ಗಾಲೀನ ಕೇಳ್ತಿದೀನಿ. ಅದು ಏನೂ ಹೇಳ್ತಿಲ್ಲ." ಮತ್ತೆ ಟಾರ್ಚು ಹಚ್ಚಿದಳು. "ಬೇರೆ ಎಲ್ಲಾದ್ರೂ ಅಂಕಿ ಇದ್ಯಾ? ಕೆಲವ್ರು ಎರಡು ಕಡೆ ಹಾಕ್ತಾರೆ."

ಎಗೋನ್ ಉತ್ತರಿಸುವ ಮೊದಲು ಅವನ ಮೂವತ್ತು ವರ್ಷದ ಹೆಮ್ಮೆಯೇ ಉತ್ತರಿಸಿತು. "ನನ್ನ ಕೈ ಬಿದ್ದ ಗಾಲಿ ಮೇಲೆ ಉಬ್ಬು ಉಳಿಯಲ್ಲ."

"ಹಾಗಾದ್ರೆ ಒಂದು ತಿಂಗಳ ಗಡುವು. ಅಸಲಿ ಅಂತ ತೋರ್ಸಿ, ಇಲ್ಲ ಬೇರೆ ಗಾಲಿ ಹಾಕ್ಕೊಂಡು ಬನ್ನಿ," ಎಂದು ಅವಳು ಬರೆದುಕೊಟ್ಟಳು. ಬಲಗಡೆಯ ಬ್ರೇಕ್ ದೀಪವೂ ಉರಿಯುತ್ತಿಲ್ಲ ಎಂದು ಕೆಳಗೆ ಸೇರಿಸಿದಳು.

ಕಬ್ಬಿಣದ ಸಾದಾ ಗಾಲಿ ನಾಲ್ಕು ಹಾಕಿಸಿದ್ದರೆ ಮರುದಿನವೇ ಮುದ್ರೆ ಬೀಳುತ್ತಿತ್ತು. ಟೈರಿನ ಅಂಗಡಿಯವನು ಅದನ್ನೇ ಹೇಳಿದ. ಹೆಂಡತಿ ರೋಸ್ವೀಟಳೂ ಅದನ್ನೇ ಹೇಳಿದಳು, ಬೇಳೆಸಾರಿನ ತಟ್ಟೆ ಮುಂದಿಡುತ್ತಾ.

"ಈ ಗಾಲೀನ ಗ್ಯಾರೇಜಿನ ಗೋಡೆಗೆ ನೇತುಹಾಕು. ದಿನಾ ನೋಡ್ಬಹುದು."

"ಗೋಡೆ ಮೇಲೆ ಗಾಲಿ ಉರುಳತ್ತಾ?"

"ನೀನೂ ಉರುಳಲ್ಲ ಈಚೀಚೆಗೆ, ಆದ್ರೂ ಇಟ್ಕೊಂಡಿಲ್ವಾ?"

ಎಗೋನ್ ನಗಲಿಲ್ಲ. ಅವನ ಕಷ್ಟ ಬೇರೆಯಿತ್ತು. ಬೀಳ್ಕೊಡುಗೆ ಪಡೆದ ಉಳಿದವರ ಗಾಲಿಗಳು, ನೆವ್‌ಜಾತ್‌ನವೂ ಸೇರಿ, ಕಾರಿನ ಜೊತೆ ಮಾರಿಹೋದವು, ಬಿರುಕು ಬಿಟ್ಟವು, ಗುಜರಿಗೆ ಬಿದ್ದವು. ಕಾರ್ಖಾನೆ ಕೆಡವಿದರು, ಹೊಗೆಗೊಳವೆ ಬೀಳಿಸಿದರು, ಗೇಟಿನ ಮೇಲಿದ್ದ ಹೆಸರಿನ ಹಲಗೆ ಎಲ್ಲಿ ಹೋಯಿತೋ ಯಾರಿಗೂ ತಿಳಿಯದು. ಹಾಫ್ನರ್ ಎಂಬುದೊಂದು ಇತ್ತು, ಅಲ್ಲಿ ಒಬ್ಬ ಹೊಯ್ಯುತ್ತಿದ್ದ, ಒಬ್ಬ ಉಜ್ಜುತ್ತಿದ್ದ ಎನ್ನುವುದಕ್ಕೆ ಈ ಊರಿನ ರಸ್ತೆಯ ಮೇಲೆ ಉರುಳುವ ಸಾಕ್ಷಿ ಅಂತ ಉಳಿದದ್ದು ಈ ನಾಲ್ಕೇ. ಇವೂ ಇಳಿದರೆ ತನ್ನ ಮೂವತ್ತೊಂದು ವರ್ಷ ಬರೀ ಗುರುವಾರದ ಹರಟೆಯಾಗಿಬಿಡುತ್ತದೆ ಎಂದು ಅವನಿಗೆ ಹೆದರಿಕೆ. ಆ ಹೆದರಿಕೆಯನ್ನು ಯಾರಿಗೂ ಹೇಳದೆ ಬೇಳೆಸಾರು ಉಂಡ.

ಮೂರು ವಾರ ಪುರಾವೆ ಹುಡುಕಾಟ ನಡೆಯಿತು. ಊರಿನ ಹಳೆ ದಾಖಲೆಗಳ ಕಚೇರಿಗೆ ಕಾಗದ ಬರೆದ. ಕಾರ್ಖಾನೆಯ ಬ್ಯಾಂಡ್ ತಂಡದ ಹದಿನಾಲ್ಕು ಫೋಟೋ ಇವೆ, ಗಾಲಿಯ ಬಗ್ಗೆ ಏನೂ ಇಲ್ಲ ಎಂದು ಉತ್ತರ ಬಂತು. ಲೋಹ ಪರೀಕ್ಷೆ ಮಾಡುವ ಪ್ರಯೋಗಾಲಯಕ್ಕೆ ಫೋನು ಮಾಡಿದ. ಪರೀಕ್ಷೆಗೆ ಒಂದು ಗಾಲಿಯನ್ನು ಮುರಿಯಬೇಕಾಗುತ್ತದೆ, ಮುರಿದ ಮೇಲೆ ಅದು ಗಟ್ಟಿಯಿತ್ತೋ ಇಲ್ಲವೋ ಖಚಿತವಾಗಿ ಹೇಳುತ್ತೇವೆ ಎಂದರು. ಎಗೋನ್ ಧನ್ಯವಾದ ಹೇಳಿ ಫೋನಿಟ್ಟ.

ಮೂರನೆಯ ಗುರುವಾರ ಕುರಿಮರಿ ಹೋಟೆಲಿನಲ್ಲಿ ಸುದ್ದಿ ನೆವ್‌ಜಾತ್‌ಗೆ ಮುಟ್ಟಿತು. ಅವನು ಹೊಟ್ಟೆ ಹಿಡಿದುಕೊಂಡು ನಕ್ಕ.

"ಕ್ಷೌರ ಮಾಡು ಅಂದ್ರೆ ಮೂಗೂ ಕುಯ್ದ್ಯಲ್ಲೋ! ಅಂಕಿ ಉಜ್ಜಿದೋನು ಇಡೀ ಜರ್ಮನಿಲಿ ನೀನೊಬ್ನೇ ಇರ್ಬೇಕು."

"ಉಬ್ಬಿತ್ತು."

"ನಿನ್ನ ತಲೆಬುರುಡೆ ಒಳಗೂ ಉಬ್ಬಿದೆ." ಕಣ್ಣೊರೆಸಿಕೊಂಡು ನೆವ್‌ಜಾತ್ ಸ್ವಲ್ಪ ಯೋಚಿಸಿದ. "ಒಂದ್ನಿಮಿಷ, ಮರ್ತೇಬಿಟ್ಟಿದ್ದೆ. ಹಿಂದ್ಗಡೇದು ಏನಾಯ್ತು? ಆ ಅಚ್ಚಲ್ಲಿ ಅಂಕಿ ಎರಡು ಕಡೆ ಇತ್ತಲ್ಲ. ಹಿಂದ್ಗಡೆ, ಬ್ರೇಕಿಗೆ ಆನ್ಕೊಳ್ಳೋ ಜಾಗ್ದಲ್ಲಿ, ಸಣ್ಣದಾಗಿ."

ಮೇಜಿನ ಸುತ್ತ ಕೂತವರೆಲ್ಲ ಎಗೋನ್‌ನ ಮುಖ ನೋಡಿದರು.

"ಅದನ್ನೂ ಉಜ್ಜಿದೆ," ಎಂದ ಎಗೋನ್.

"ಅದನ್ನೂನಾ?"

"ನಾನು ಅರ್ಧ ಕೆಲಸ ಮಾಡೋನಲ್ಲ."

ನೆವ್‌ಜಾತ್ ಈ ಸಲ ನಗಲಿಲ್ಲ. "ಅಯ್ಯೋ ಪಾಪಿ," ಎಂದು ಮೆಲ್ಲಗೆ ಹೇಳಿ, ಸೇಬಿನ ರಸದ ಲೋಟವನ್ನು ಮೇಜಿನ ಮೇಲೆ ಸುಮ್ಮನೆ ತಿರುಗಿಸುತ್ತಾ ಕೂತ.

ಎಗೋನ್ ಹೇಳಿದ್ದು ಸುಳ್ಳು. ಅವನ ಬಾಳಿನಲ್ಲಿ ಸುಳ್ಳುಗಳು ಹೆಚ್ಚಿಲ್ಲ. ಆದರೆ ಇದೊಂದೇ ಸುಳ್ಳಿಗೆ ಮೂವತ್ತು ವರ್ಷ ವಯಸ್ಸಾಗಿತ್ತು.

ಆ ಶನಿವಾರ ಆದದ್ದು ಇಷ್ಟು. ಬೆಳಿಗ್ಗೆ ಏಳಕ್ಕೆ ಶುರುಮಾಡಿ ನಾಲ್ಕೂ ಗಾಲಿಯ ಮುಂಭಾಗ, ಅಂಚು, ಒಳಸುತ್ತು ಎಲ್ಲ ಉಜ್ಜಿದ. ಹಿಂಭಾಗದ ಆ ಸಣ್ಣ ಜಾಗವೊಂದು ಉಳಿದಿತ್ತು. ಅದಕ್ಕೆಂದೇ ಬೆರಳುದ್ದದ ಉಜ್ಜುಗಲ್ಲನ್ನು ಯಂತ್ರಕ್ಕೆ ಸಿಕ್ಕಿಸುವಷ್ಟರಲ್ಲಿ ಇಗರ್ಜಿಯಲ್ಲಿ ಹನ್ನೆರಡು ಹೊಡೆಯಿತು. ಹನ್ನೆರಡರಿಂದ ಮೂರರವರೆಗೆ ಮಧ್ಯಾಹ್ನದ ಮೌನ. ಆ ಹೊತ್ತಿನಲ್ಲಿ ನಮ್ಮೂರಿನಲ್ಲಿ ಮೊಳೆ ಹೊಡೆಯುವುದೂ ಅಪರಾಧ. ಯಂತ್ರ ಹಚ್ಚೋಣ, ಒಂದೇ ನಿಮಿಷದ ಕೆಲಸ ಎಂದುಕೊಂಡು ತಲೆ ಎತ್ತಿದರೆ, ಬೇಲಿಯ ಆಚೆ ಪಕ್ಕದ ಮನೆಯ ಮುದುಕಿ ಮೋಸಿಂಗರ್ ಅಡುಗೆಮನೆಯ ಗೋಡೆ ಗಡಿಯಾರವನ್ನೇ ಕೈಯಲ್ಲಿ ಹಿಡಿದು ನಿಂತಿದ್ದಳು. ಮಾತಾಡಲಿಲ್ಲ. ಗಡಿಯಾರದ ಮುಖವನ್ನು ಇವನ ಕಡೆ ತಿರುಗಿಸಿದಳು, ಅಷ್ಟೆ.

ಮೂರಕ್ಕೆ ರೋಸ್ವೀಟಳ ತಂಗಿಯ ಮದುವೆಯ ಇಪ್ಪತ್ತೈದನೆಯ ವರ್ಷದ ಊಟ. ಭಾನುವಾರ ಯಂತ್ರದ ಸದ್ದು ಮಾಡಿದವನನ್ನು ನಮ್ಮೂರಿನಲ್ಲಿ ಸೋಮವಾರ ಯಾರೂ ಮಾತಾಡಿಸುವುದಿಲ್ಲ. ಸೋಮವಾರ ಬೆಳಿಗ್ಗೆ ಯಂತ್ರ ಹಿಂತಿರುಗಿಸಬೇಕಿತ್ತು, ಹಿಂತಿರುಗಿಸಿದ. ಅದೇ ತಿಂಗಳು ಕಾರ್ಖಾನೆಗೆ ಬೀಗ ಬಿತ್ತು. ಅಂಥ ಉಜ್ಜುಗಲ್ಲು ಆಮೇಲೆಲ್ಲೂ ಸಿಗಲಿಲ್ಲ.

ಹೀಗೆ ನಾಲ್ಕು ಗಾಲಿಯ ಬೆನ್ನಲ್ಲೂ ಅಕ್ಕಿಕಾಳಿನಷ್ಟೆತ್ತರದ ಅಂಕಿಗಳು ಉಳಿದುಬಿಟ್ಟವು. ನಮ್ಮ ಕಡೆ ಕದ್ದವನಿಗಾದರೂ ಕ್ಷಮೆಯಿದೆ, ಕೆಲಸ ಬಾಕಿ ಉಳಿಸಿದವನಿಗಿಲ್ಲ. ಕಳ್ಳನ ಮನಸ್ಸು ಹುಳ್ಳಹುಳ್ಳಗೆ ಅಂತಾರಲ್ಲ, ಅವತ್ತಿನಿಂದ ಎಗೋನ್ ತನ್ನ ಗಾಲಿಯನ್ನು ಬೇರೆಯವರಿಗೆ ಬಿಚ್ಚಲು ಬಿಟ್ಟಿಲ್ಲ. ಅಕ್ಟೋಬರಿನಲ್ಲಿ ಚಳಿಗಾಲದ ಟೈರು, ಈಸ್ಟರಿಗೆ ಬೇಸಿಗೆಯದು, ವರ್ಷಕ್ಕೆರಡು ಸಲ ಗ್ಯಾರೇಜಿನ ಬಾಗಿಲು ಹಾಕಿಕೊಂಡು ತಾನೇ ಬದಲಾಯಿಸುತ್ತಿದ್ದ. ಊರವರು ಅದನ್ನು ಹೆಮ್ಮೆ ಎಂದುಕೊಂಡರು. ಬಿಚ್ಚುವ ಕೈಗೆ ಟಾರ್ಚು ಹಿಡಿದು ನಿಲ್ಲುತ್ತಿದ್ದ ರೋಸ್ವೀಟಳಿಗೆ ಮಾತ್ರ ಎಲ್ಲ ಗೊತ್ತಿತ್ತು. ಗೊತ್ತಿದೆ ಎಂದು ಅವಳು ಒಮ್ಮೆಯೂ ಹೇಳಿರಲಿಲ್ಲ.

ಗಡುವು ಮುಗಿಯುವ ದಿನ, ಬೆಳಿಗ್ಗೆ ಬ್ರೆಡ್ಡಿಗೆ ಬೆಣ್ಣೆ ಸವರುತ್ತಾ, ಅವಳು ಮೊದಲ ಸಲ ಹೇಳಿದಳು.

"ಗಾಲಿ ಬೇಕಾ, ಹೆಸರು ಬೇಕಾ? ಒಂದು ಹೇಳು. ಎರಡೂ ಅಂದ್ರೆ ಆಗಲ್ಲ."

ಎಗೋನ್ ಬ್ರೆಡ್ಡು ಕೆಳಗಿಟ್ಟ. "ನಿಂಗೆ ಯಾವಾಗ ಗೊತ್ತಾಯ್ತು?"

"ಮೊದಲ್ನೇ ಅಕ್ಟೋಬರಲ್ಲೇ. ನನ್ನ ಕೈಲಿ ಟಾರ್ಚು ಕೊಟ್ಟು ಆ ಕಡೆ ನೋಡ್ಬೇಡ ಅಂದ್ರೆ ನಾನು ಇನ್ನೆಲ್ಲಿ ನೋಡ್ಲಿ?"

"ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?"

"ನೀನು ಯಾಕೆ ಹೇಳ್ಲಿಲ್ಲ?" ಎಂದು ಅವಳು ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ತಪಾಸಣೆಯ ಶೆಡ್ಡಿನ ಮುಂದೆ ನೆವ್‌ಜಾತ್ ಮೊದಲೇ ಬಂದು ಕಾಯುತ್ತಿದ್ದ. ಹಬ್ಬದ ಕೋಟು ಹಾಕಿದ್ದ, ಕೈಯಲ್ಲಿ ಲಕೋಟೆ. ಎಗೋನ್‌ಗೆ ಅವನನ್ನು ನೋಡಿದ್ದೇ ಕಾರು ಹಿಂದಕ್ಕೆ ತಿರುಗಿಸೋಣ ಅನ್ನಿಸಿತು. ಯಾರ ಮುಂದೆ ಬೇಕಾದರೂ ಆಗಲಿ, ಇವನೊಬ್ಬನ ಮುಂದೆ ಬೇಡ ಎಂದು ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದ.

"ನೀನ್ಯಾಕೆ ಬಂದೆ?"

"ಸಾಕ್ಷಿ ಹೇಳೋಕೆ. ಬಾಯಿ ಮುಚ್ಕೊಂಡು ನಿಂತ್ಕೋ, ನಾನು ಮಾತಾಡ್ತೀನಿ," ಎಂದು ನೆವ್‌ಜಾತ್ ಫ್ರೌ ಹಾರ್ಮ್ಸ್‌ಗೆ ಲಕೋಟೆ ಕೊಟ್ಟ. "ಮೇಡಂ, ಈ ಗಾಲಿ ಎರಕ ಹೊಯ್ದೋನು ನಾನು. ಎಲ್ಲ ಬರ್ದಿದೀನಿ. ಅಚ್ಚಿನ ನಂಬರು, ತಾರೀಕು, ಅವತ್ತು ಕುಲುಮೆ ಎಷ್ಟು ಕಾದಿತ್ತು, ಎಲ್ಲ. ಕೆಳಗೆ ರುಜು ಇದೆ. ಈ ಮನುಷ್ಯ ಜಂಬಗಾರ, ತಲೆಕೆಟ್ಟವನು, ಅದು ಬೇರೆ ವಿಷ್ಯ. ಗಾಲಿ ಮಾತ್ರ ಅಸಲಿ."

ಫ್ರೌ ಹಾರ್ಮ್ಸ್ ಎರಡು ಹಾಳೆಯನ್ನೂ ಓದಿದಳು, ಹಿಂದೆ ಮುಂದೆ ನೋಡಿದಳು. "ತುಂಬ ಚೆನ್ನಾಗಿ ಬರ್ದಿದೀರಿ ಹೆರ್ ಚಾಕಿರ್. ನಾನು ನಂಬ್ತೀನಿ. ಆದ್ರೆ ನೀವು ಗಾಲಿಯ ಭಾಗ ಅಲ್ಲ."

"ಹಾಗಂದ್ರೆ?"

"ಪುರಾವೆ ಗಾಲಿ ಮೇಲೆ ಇರ್ಬೇಕು. ಪಕ್ಕದಲ್ಲಿ ನಿಂತಿದ್ರೆ ಲೆಕ್ಕಕ್ಕೆ ಬರಲ್ಲ."

ಅರವತ್ತು ವರ್ಷ ಈ ದೇಶದಲ್ಲಿದ್ದ ನೆವ್‌ಜಾತ್‌ಗೆ ಅದು ಅರ್ಥವಾಗದ ಮಾತೇನಲ್ಲ. ಆದರೂ ಅವನ ಭುಜ ಇಳಿದದ್ದನ್ನು ಎಗೋನ್ ನೋಡಿದ. ಮೂರು ಮೈಲಿ ದೂರದಿಂದ, ಆಪರೇಶನ್ ಆದ ಮಂಡಿಯಲ್ಲಿ, ಹಬ್ಬದ ಕೋಟು ಹಾಕಿಕೊಂಡು ಬಂದಿದ್ದಾನೆ. ನನ್ನ ಸುಳ್ಳನ್ನು ನಿಜವೆಂದು ನಂಬಿ, ನನ್ನ ಗಾಲಿ ಉಳಿಸಲು ಬಂದಿದ್ದಾನೆ. ಎಗೋನ್‌ಗೆ ನಾಚಿಕೆಯಾಯಿತು. ಬಾಕಿ ಕೆಲಸದ ನಾಚಿಕೆಗಿಂತ ಇದು ದೊಡ್ಡದಿತ್ತು.

"ಫ್ರೌ ಹಾರ್ಮ್ಸ್," ಎಂದ, "ಕಾರು ಮೇಲೆತ್ತಿ."

ಕಾರು ಮೇಲೇರಿತು. ಎಗೋನ್ ತಾನೇ ಸ್ಪ್ಯಾನರು ಕೇಳಿ ಪಡೆದು ಮುಂದಿನ ಎಡಗಾಲಿ ಬಿಚ್ಚಿದ. ಮಗುಚಿ ಕೆಲಸದ ಮೇಜಿನ ಮೇಲಿಟ್ಟ. ಜೇಬಿನಿಂದ ಇಸ್ತ್ರಿ ಮಾಡಿದ ಕರವಸ್ತ್ರ ತೆಗೆದು ನಡುವಿನ ಕಪ್ಪು ಧೂಳು ಒರೆಸಿದ. ಐದು ಅಂಕಿ, ಒಂದರ ಪಕ್ಕ ಒಂದು, ಎದ್ದು ನಿಂತವು.

ಫ್ರೌ ಹಾರ್ಮ್ಸ್ ಟಾರ್ಚು ಹಾಕಿದಳು, ಕಾಗದ ನೋಡಿದಳು, ಮತ್ತೆ ಗಾಲಿ ನೋಡಿದಳು. "ಇದೆ," ಎಂದಳು. "ಬೇರೆ ಕಡೆ ಇಲ್ಲ ಅಂದಿದ್ರಿ."

"ಸುಳ್ಳು ಹೇಳಿದ್ದೆ. ಉಜ್ತಿದ್ದ ಶನಿವಾರ ಹನ್ನೆರಡು ಹೊಡೆದುಬಿಡ್ತು."

ಅವಳು ಇನ್ನೇನೂ ಕೇಳಲಿಲ್ಲ. ಶನಿವಾರ ಹನ್ನೆರಡು ಹೊಡೆದ ಮೇಲೆ ಕೆಲಸ ನಿಲ್ಲಿಸಿದವನ ಮೇಲೆ ತಪಾಸಕಿಗೆ ಯಾವ ಆಕ್ಷೇಪವೂ ಇರಲಾರದು. ಉಳಿದ ಮೂರೂ ಬಿಚ್ಚಿಸಿದಳು. "ಇದೆ, ಇದೆ, ಇದೆ," ಎಂದು ಗುರುತು ಹಾಕಿಕೊಂಡಳು.

ಎಗೋನ್ ನೆವ್‌ಜಾತ್‌ನ ಕಡೆ ನೋಡದೆಯೇ, ಬರಲಿರುವ ಏಟಿಗೆ ಬೆನ್ನು ಕೊಟ್ಟವನಂತೆ ನಿಂತಿದ್ದ. ಮೂವತ್ತು ವರ್ಷದ ಸವಾಲು, ಪ್ರತಿ ಗುರುವಾರದ ಬಡಾಯಿ, ಮೊನ್ನೆಯ 'ಅರ್ಧ ಕೆಲಸ ಮಾಡೋನಲ್ಲ'. ಇನ್ನು ಸಾಯುವವರೆಗೆ ಇವನು ಬಿಡುವುದಿಲ್ಲ. ಹೆಸರು ಹೋಯಿತು, ಹೋಗಲಿ ಎಂದು ಹಲ್ಲು ಕಚ್ಚಿ ಕಾದ. ಏಟು ಬರಲಿಲ್ಲ. ಕೊನೆಗೆ ಅವನೇ ತಿರುಗಿದ.

ನೆವ್‌ಜಾತ್ ಗಾಲಿಯ ಮೇಲೆ ಬಗ್ಗಿ, ಹೆಬ್ಬೆರಳಿನಿಂದ ಆ ಅಂಕಿಗಳನ್ನು ಒಂದೊಂದಾಗಿ ಮುಟ್ಟುತ್ತಿದ್ದ. ಅಂಕಿಗಳ ಸುತ್ತ ಅಂಗೈಯಗಲದ ಜಾಗ ಒರಟೊರಟಾಗಿತ್ತು, ಅಚ್ಚಿನ ಮರಳಿನ ಗುರುತು ಕೂಡ ಹಾಗೇ ಇತ್ತು.

"ಇದು ನಂದು," ಎಂದ.

"ಹೂಂ."

"ಉಳಿದದ್ದೆಲ್ಲ ನೀನು ಉಜ್ಜಿ ತೆಗ್ದಿದ್ದೆ. ಎಲ್ಲಾ. ಮೂವತ್ತು ವರ್ಷ ಆ ಗಾಲಿ ಮೇಲೆ ಕೈಯಾಡ್ಸಿದೆನಲ್ಲ, ಉಬ್ಬು ಹುಡುಕ್ತಿದೀನಿ ಅಂತ ತಿಳ್ಕೊಂಡ್ಯಾ? ನಾನು ಹೊಯ್ದಿದ್ದು ಎಲ್ಲಾದ್ರೂ ಒಂಚೂರು ಉಳಿದಿದ್ಯಾ ಅಂತ ನೋಡ್ತಿದ್ದೆ." ಹೆಬ್ಬೆರಳು ಕೊನೆಯ ಅಂಕಿಗೆ ಬಂತು. "ಅವತ್ತು ಗುರುವಾರ ಇದನ್ನೂ ಉಜ್ಜಿದೆ ಅಂದ್ಯಲ್ಲ, ಮನೆಗೆ ಹೋಗಿ ಊಟ ಮಾಡ್ಲಿಲ್ಲ ನಾನು."

ಎಗೋನ್‌ಗೆ ಆ ಒರಟು ಜಾಗ ಒಂದೇ ಕಾಣುತ್ತಿತ್ತು. ಮೂವತ್ತೊಂದು ವರ್ಷ ತಾನು ತೆಗೆದದ್ದು ಬರೀ ಮುಳ್ಳು, ಬರೀ ಉಬ್ಬು ಎಂದೇ ತಿಳಿದಿದ್ದ. ಅದು ಇನ್ನೊಬ್ಬನ ಕೈಗುರುತು ಎಂದು ಒಮ್ಮೆಯೂ ಹೊಳೆದಿರಲಿಲ್ಲ. ಅವನು ಕರವಸ್ತ್ರವನ್ನು ಮಡಚಿದ, ಬಿಚ್ಚಿದ, ಮತ್ತೆ ಮಡಚಿದ.

"ಗಾಲಿ ಹಾಕ್ಬಹುದು," ಎಂದಳು ಫ್ರೌ ಹಾರ್ಮ್ಸ್.

"ಒಂದ್ನಿಮಿಷ ಇರಲಿ ಮೇಡಂ," ಎಂದ ಎಗೋನ್. "ಅವ್ನು ನೋಡ್ತಿದಾನೆ."

ಅವಳು ಗಡಿಯಾರ ನೋಡಿಕೊಂಡಳು. ಮುಂದಿನ ಕಾರು ಬಾಗಿಲಲ್ಲಿತ್ತು. ಆದರೂ ಆಚೆ ಹೋಗಿ, ಈಗ ಸರಿಯಾಗಿಯೇ ಉರಿಯುತ್ತಿದ್ದ ಬಲಗಡೆಯ ಬ್ರೇಕ್ ದೀಪವನ್ನು ನಾಲ್ಕು ಸಲ ಪರೀಕ್ಷೆ ಮಾಡಿದಳು.

ಆಮೇಲೆ ಗಾಲಿಗಳ ವಿವರವನ್ನು ಕಾರಿನ ದಾಖಲೆಯಲ್ಲೇ ಬರೆದು ಮುದ್ರೆ ಒತ್ತಿದಳು. "ಇನ್ಮೇಲೆ ಯಾರೂ ಕೇಳಲ್ಲ. ಒಂದೇ ಒಂದು ಷರತ್ತು ಹೆರ್ ರಾಪ್. ಆ ಅಂಕಿ ಉಜ್ಜಬಾರ್ದು. ಉಜ್ಜಿದ್ರೆ ಕಾನೂನಿಗೆ ವಿರುದ್ಧ."

"ಹಾಗಾದ್ರೆ ಆ ಕೆಲಸ ಬಾಕಿನೇ ಉಳಿಯತ್ತೆ."

"ಬಾಕಿನೇ ಉಳೀಬೇಕು."

ವಾಪಸ್ಸು ಬರುವಾಗ ಹಾಫ್ನರ್ ಇದ್ದ ಜಾಗದ ಅಂಗಡಿಯ ಮುಂದೆ ಎಗೋನ್ ಕಾರು ನಿಲ್ಲಿಸಿದ. ಪಾನೀಯ ಮಾರುವ ಮೂಲೆ ಇರುವುದು ಹಳೆಯ ಕುಲುಮೆಯ ಜಾಗದಲ್ಲಿ. ಒಂದು ಪೆಟ್ಟಿಗೆ ಸೇಬಿನ ರಸ ಹೊತ್ತು ತಂದು ನೆವ್‌ಜಾತ್‌ನ ತೊಡೆಯ ಮೇಲಿಟ್ಟ.

"ಹಿಂದ್ಗಡೆ ಡಿಕ್ಕಿಲಿ ಇಡೋ, ಮಾರಾಯ. ಮಂಡಿ ನೋಯತ್ತೆ."

"ಗೆದ್ದೋನು ಹೊತ್ಕೋಬೇಕು."

"ಗುರುವಾರ ಎಲ್ಲರ ಮುಂದೆ ಹೇಳ್ತೀಯಾ?"

"ಹೇಳ್ತೀನಿ," ಎಂದ ಎಗೋನ್. "ಹೊಯ್ದೋನು ನೀನು ಅಂತ."

ನೆವ್‌ಜಾತ್ ಪೆಟ್ಟಿಗೆಯನ್ನು ತೊಡೆಯ ಮೇಲೆ ಸರಿಮಾಡಿಕೊಂಡು ಕಿಟಕಿಯ ಆಚೆ ನೋಡಿದ. ಆಮೇಲೆ, ಕಾರಿನ ಬಾಗಿಲು ಕಿರುಗುಟ್ಟುತ್ತಿದೆ, ಎಣ್ಣೆ ಹಾಕಿಸು ಎಂದ.